ಕಿವಿಗೊಡದ ಯೆಸ್ಲಿಮ್

ನಮ್ಮ ಮರಳುಗಾಡಿನ ಪಟ್ಟಣ ನುವಾಕ್ಷೋಟಿನ ಫೋನ್ ಬಜಾರಿನಲ್ಲಿ ನನ್ನ ಬಟ್ಟೆ ಅಂಗಡಿಗೂ ಯೆಸ್ಲಿಮನ ಗೂಡಂಗಡಿಗೂ ನಡುವೆ ಇರುವುದು ಒಂದೇ ಒಂದು ತಗಡು. ಅದೂ ಮೊಳೆ ಹೊಡೆದು ಹೊಡೆದು ಜರಡಿಯಾಗಿದೆ. ಹನ್ನೊಂದು ವರ್ಷದಿಂದ ನಾನು ಅವನ ಕೆಮ್ಮು, ಸೀನು, ನಮಾಜು, ಬೈಗುಳ ಎಲ್ಲ ಕೇಳಿಸಿಕೊಂಡಿದ್ದೇನೆ. ಬೈಗುಳ ಅಂದೆನಲ್ಲ, ಅದು ತಪ್ಪು. ಅವನು ಬೈಯುವುದಿಲ್ಲ, ಬೈಯುವವಳು ನಾನು. ಖದ್ದೂಜಳ ಬಾಯಿಗೆ ಬಿದ್ದರೆ ಹೊಸ ಬಟ್ಟೆಯ ಬಣ್ಣವೂ ಬಿಡುತ್ತದೆ ಎಂದು ಬಜಾರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅವನ ಕಸುಬು ಹಾಡನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿಕೊಡುವುದು. ಹಳೆಯ ಕ್ಯಾಸೆಟ್ಟು ತಂದರೆ ಅದನ್ನು ಮೆಮೊರಿ ಕಾರ್ಡಿಗೆ ಇಳಿಸುತ್ತಾನೆ. ಅಂಗೋಲದಲ್ಲಿ ಅಂಗಡಿ ಇಟ್ಟ ಗಂಡ ದುಬಾರಿ ಫೋನಿನಲ್ಲಿ ಮಾತಾಡಿ ಕಳಿಸಿರುತ್ತಾನೆ, ಇಲ್ಲಿ ಹೆಂಡತಿಯ ಚೀನಾ ಫೋನಿನಲ್ಲಿ ಅದು ತೆರೆಯುವುದಿಲ್ಲ; ಆ ಮಾತನ್ನು ಚೀನಾ ಫೋನಿಗೆ ಅರ್ಥವಾಗುವ ಎಂಪಿತ್ರೀ ಮಾಡಿಕೊಡುತ್ತಾನೆ. ಕ್ಯಾಸೆಟ್ಟಿನೊಳಗೆ ಸೇರಿದ ಮರಳನ್ನು ತೆಗೆಯಲು ಹುಬ್ಬು ತೀಡುವ ಕುಂಚ ಬೇಕು, ಅದು ನನ್ನದು. ಹರಿದ ಟೇಪಿನ ಅಂಚು ಎದ್ದು ಬರದಂತೆ ಹಚ್ಚಲು ಉಗುರಿನ ಬಣ್ಣ ಬೇಕು, ಅದೂ ನನ್ನದೇ. ಇಸಿದುಕೊಂಡದ್ದನ್ನು ಒಮ್ಮೆಯೂ ಹಿಂದಿರುಗಿಸಿದವನಲ್ಲ.

ಆದರೆ ಅವನ ಅಂಗಡಿಯಲ್ಲಿ ಸದ್ದೇ ಇರುವುದಿಲ್ಲ. ಸುತ್ತಲಿನ ನೂರು ಗೂಡುಗಳಲ್ಲಿ ನೂರು ಹಾಡು ಒಟ್ಟಿಗೆ ಅರಚುತ್ತಿದ್ದರೆ ಇವನು ಕಂಪ್ಯೂಟರಿನ ದನಿ ಪೂರ್ತಿ ಇಳಿಸಿ, ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಪರದೆಯ ಮೇಲೆ ಏರಿಳಿಯುವ ಗೆರೆಯನ್ನು ಮಾತ್ರ ನೋಡುತ್ತ ಕೂತಿರುತ್ತಾನೆ. ಅವನ ಅಪ್ಪ ಮುಖ್ತಾರ್ ಬೂತಿಲಿಮಿತ್ ಕಡೆಯ ದೊಡ್ಡ ಗುರು. ಗುಡಾರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮರದ ಹಲಗೆಯ ಮೇಲೆ ಕುರಾನು ಬರೆಸುವವರು. ಮಗ ಪಟ್ಟಣಕ್ಕೆ ಹೊರಟ ದಿನ ಅವರು ಪಡೆದುಕೊಂಡದ್ದು ಒಂದೇ ಮಾತು: ತಂತಿ ವಾದ್ಯಕ್ಕೆ ಕಿವಿಗೊಡಬಾರದು. ಯೆಸ್ಲಿಮ್ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ. ಊರಿಗೆಲ್ಲ ಹಾಡು ಬಡಿಸಿದ, ತಾನು ಒಂದು ತುತ್ತೂ ಬಾಯಿಗಿಡಲಿಲ್ಲ. ಅಪ್ಪನಿಗೆ ಮಾತ್ರ ಫೋನ್ ರಿಪೇರಿ ಮಾಡುತ್ತೇನೆ ಎಂದು ಹೇಳಿಟ್ಟಿದ್ದ.

"ಇದೇನು ವ್ರತವೋ, ನಾಟಕವೋ?" ಎಂದು ನಾನು ಒಮ್ಮೆ ಕೇಳಿದ್ದೆ.

"ಅಡುಗೆ ಮಾಡೋರೆಲ್ಲ ಊಟ ಮಾಡ್ತಾರಾ ಖದ್ದೂಜ? ರಂಜಾನಲ್ಲಿ ನೀನು ಮಧ್ಯಾಹ್ನ ಮೀನು ಹುರಿಯಲ್ವಾ?" ಎಂದ. ಗುರುಗಳ ಮಕ್ಕಳ ಜೊತೆ ವಾದಕ್ಕೆ ಇಳಿಯಬಾರದು.

ಇಂಥವನ ಹತ್ತಿರ ತಕ್ಬರ್ ಅಜ್ಜಿ ತನ್ನ ಮೂರು ಕ್ಯಾಸೆಟ್ಟು ತಂದಳು. ಅಜ್ಜಿ ಹಾಡುಗಾರರ ಕುಲದವಳು. ಅವರ ಮನೆಯ ಹೆಂಗಸರು ಆರ್ದಿನ್ ನುಡಿಸುತ್ತಾರೆ. ಸೋರೆ ಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ವಾದ್ಯ ಅದು. ಮೂವತ್ತು ವರ್ಷದ ಹಿಂದೆ, ಊರಿನ ದೊಡ್ಡ ಮನೆತನದವರಾದ ಹಬೀಬುಲ್ಲರ ಗುಡಾರದಲ್ಲಿ ಒಂದೇ ಸಲ ಕೂತು ಆಕೆ ಪೂರ್ತಿ ನುಡಿಸಿ ಹಾಡಿದ್ದು ಆ ಮೂರು ಕ್ಯಾಸೆಟ್ಟಿನಲ್ಲಿತ್ತು. ಈಗ ಅವಳ ಬೆರಳುಗಳು ಶುಂಠಿ ಬೇರಿನ ಹಾಗೆ ಸೊಟ್ಟಗಾಗಿವೆ. ಮಗಳು ಮುನೀನ ನುಡಿಸುತ್ತಾಳೆ, ಅಜ್ಜಿ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾಳೆ.

ನಮ್ಮ ಹಾಡಿಗೆ ಐದು ಮೆಟ್ಟಿಲು. ಮೊದಲನೆಯದು ಕರ್, ಅದು ಎಳೆತನ. ಆಮೇಲೆ ಹರೆಯ, ಜಗಳ, ನಡುವಯಸ್ಸು ಎಂದು ಹತ್ತುತ್ತ ಹತ್ತುತ್ತ ಕೊನೆಯ ಲೆಬ್ತೇತಿಗೆ ಬಂದರೆ ಅದು ಮುಪ್ಪು, ಕಣ್ಣೀರು. ಹತ್ತಿದ ಮೇಲೆ ಇಳಿಯುವಂತಿಲ್ಲ. ಲೆಬ್ತೇತ್ ಮುಟ್ಟಿದವನು ಮತ್ತೆ ಕರ್ ಎತ್ತಿಕೊಂಡರೆ ಹಿರಿಯರು ಚಹಾದ ಲೋಟ ಅಲ್ಲೇ ಇಟ್ಟು ಎದ್ದು ಹೋಗುತ್ತಾರೆ. ಅದು ಬರೀ ತಪ್ಪಲ್ಲ, ಅಪಶಕುನ. ನನಗೆ ಈ ಮೆಟ್ಟಿಲುಗಳ ಹೆಸರು ಗೊತ್ತು, ಕೇಳಿ ಗುರುತು ಹಿಡಿ ಎಂದರೆ ಆಗುವುದಿಲ್ಲ. ಚಪ್ಪಾಳೆ ಬಿದ್ದರೆ ಕುಣಿಯುತ್ತೇನೆ, ಅಷ್ಟೇ.

ಯೆಸ್ಲಿಮ್ ಎರಡು ದಿನ ಕೂತು ಕೆಲಸ ಮುಗಿಸಿದ. ಅಷ್ಟು ಉದ್ದದ್ದನ್ನು ಚೀನಾ ಫೋನ್ ನುಂಗಲಾರದು ಎಂದು ಹಾಡು ನಿಂತು ಗೆರೆ ಚಪ್ಪಟೆಯಾದ ಕಡೆಯಲ್ಲೆಲ್ಲ ಕತ್ತರಿಸಿ ಹನ್ನೆರಡು ತುಂಡು ಮಾಡಿ, ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿ, ಕಾರ್ಡಿಗೆ ತುಂಬಿ ಕೊಟ್ಟ. ಅಜ್ಜಿ ಹರಸಿ ಹೋದಳು. ನೆಂಟರಿಷ್ಟರೆಲ್ಲ ಫೋನಿನಿಂದ ಫೋನಿಗೆ ಅದನ್ನು ದಾಟಿಸಿಕೊಂಡರು.

ಮೂರನೆಯ ದಿನ ಅಜ್ಜಿ ಬಿರುಗಾಳಿಯ ಹಾಗೆ ಬಂದಳು.

"ಏನೋ ಇದು? ನನ್ನನ್ನ ಹಿಂದುಮುಂದಾಗಿ ನಡೆಸಿದ್ದೀಯಲ್ಲೋ. ಕರ್ ಅಂತ ಬಾಯಿ ತೆಗೆದು ಒಂದು ಹಾಡು ಮುಗಿಸಿಲ್ಲ, ಲೆಬ್ತೇತಿಗೆ ಬಿದ್ದಿದ್ದೀನಿ. ಅಲ್ಲಿಂದ ಮತ್ತೆ ಕರ್. ಹುಟ್ಟಿದ ಮಾರನೇ ದಿನ ಮುದುಕಿ, ಆಮೇಲೆ ಮತ್ತೆ ತೊಟ್ಟಿಲು. ನಾನೇನು ಹುಚ್ಚಿನಾ?"

ಯೆಸ್ಲಿಮ್ ಕಿವಿಯಿಂದ ಹತ್ತಿ ತೆಗೆದು ಪರದೆ ತೋರಿಸಿದ. "ನೋಡಜ್ಜಿ, ಒಂದು, ಎರಡು, ಮೂರು... ಹನ್ನೆರಡರ ತನಕ ಸಾಲಾಗಿದೆ."

"ನಂಗೆ ಓದಕ್ಕೆ ಬರುತ್ತಾ? ಹಾಕು, ಕೇಳ್ತೀನಿ."

ಅವನು ಕಂಪ್ಯೂಟರಿನಲ್ಲಿ ಹಾಡು ಹಚ್ಚಿ, ದನಿ ಏರಿಸಿ, ತಾನು ಬೀದಿಯ ಆಚೆ ಬದಿಗೆ ಓಡಿ ಹಾಲಿನವಳ ಡಬ್ಬಗಳ ಹಿಂದೆ ಕಿವಿ ಮುಚ್ಚಿಕೊಂಡು ನಿಂತ. ಅಜ್ಜಿ ಕಣ್ಣು ಮುಚ್ಚಿ ಎರಡು ಗಂಟೆ ಕೇಳಿದಳು. ಒಂದು ಎಳೆ ಆಚೀಚೆ ಆಗಿರಲಿಲ್ಲ. ಕೊನೆಗೆ ಅವಳು ತನ್ನ ಮುಖವನ್ನೇ ಮರೆತವಳ ಹಾಗೆ ನನ್ನತ್ತ ನೋಡಿದಳು.

"ಸರಿಯಾಗೇ ಇದೆಯಲ್ಲೇ ಖದ್ದೂಜ."

ಅವನು ಅದನ್ನೇ ಮತ್ತೆ ಕಾರ್ಡಿಗೆ ತುಂಬಿ ಕೊಟ್ಟ. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಅಜ್ಜಿ ಮತ್ತೆ ಹಾಜರು. ಮನೆಯಲ್ಲಿ ಹಾಕಿದರೆ ಪುನಃ ಮುದುಕಿ, ಪುನಃ ತೊಟ್ಟಿಲು. ಇಲ್ಲಿ ಸರಿ, ಅಲ್ಲಿ ತಪ್ಪು. ಮೂರು ಸಲ ಹೀಗಾಯಿತು. ಅಜ್ಜಿ ತನ್ನ ಮನೆಯ ಮೂಲೆಯಲ್ಲಿ ಜಿನ್ನು ಸೇರಿದೆ ಎಂದು ಧೂಪ ಹಾಕಿಸಿದಳು. ನಾನು ಫೋನ್ ಕೆಟ್ಟಿರಬೇಕೆಂದು ನನ್ನ ಫೋನಿಗೆ ಹಾಕಿ ಕೊಟ್ಟೆ, ಅದರಲ್ಲೂ ಅದೇ ಕಥೆ ಎಂದಳು. ಯೆಸ್ಲಿಮ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ವಯಸ್ಸಾಯಿತು ಪಾಪ ಎಂದು ಅವನ ಮುಖದಲ್ಲಿ ಬರೆದಿತ್ತು. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಹಬೀಬುಲ್ಲರ ಮನೆಯಲ್ಲಿ ಮಧ್ಯಾಹ್ನದ ಚಹಾಕ್ಕೆ ಸೇರಿದ್ದಾಗ ಯಾರೋ ಫೋನಿನಿಂದ ಅದನ್ನೇ ಹಚ್ಚಿದರು. ತಮ್ಮದೇ ಗುಡಾರದಲ್ಲಿ, ತಮ್ಮ ತಂದೆಯ ಮುಂದೆ ತಕ್ಬರ್ ಹಾಡಿದ್ದು ಎಂದು ಹಬೀಬುಲ್ಲರು ಹೆಮ್ಮೆಯಿಂದ ಎಲ್ಲರನ್ನೂ ಸುಮ್ಮನಿರಿಸಿದರಂತೆ. ಎರಡನೆಯ ಹಾಡಿಗೇ ಲೆಬ್ತೇತ್. ಐದನೆಯ ಹಾಡಿಗೆ ಮತ್ತೆ ಕರ್ ಬಂದಾಗ ಹಿರಿಯರು ರುಮಾಲಿನ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಎದ್ದೇಬಿಟ್ಟರು. ಊರ ಬಾಯಿಗೆ ಬೀಗ ಹಾಕುವವರಾರು? ಆಕೆಗೆ ಯಾವತ್ತೂ ಕ್ರಮ ಗೊತ್ತಿರಲಿಲ್ಲ, ನಾವೇ ಗಮನಿಸಿರಲಿಲ್ಲ ಎಂದರು ಕೆಲವರು. ಅಮ್ಮನೇ ಹಾಗಾದರೆ ಮಗಳಿಗೆ ಏನು ಕಲಿಸಿರುತ್ತಾಳೆ ಎಂದರು ಉಳಿದವರು. ಮುಂದಿನ ಗುರುವಾರ ಹಬೀಬುಲ್ಲರ ಮಗಳ ಮದುವೆ. ಏಳು ತಲೆಮಾರಿನಿಂದ ಆ ಮನೆಯ ಮದುವೆಗೆ ಅಜ್ಜಿಯ ಮನೆಯವರೇ ಆರ್ದಿನ್ ಹಿಡಿದವರು. ಈ ಸಲ ಬರುವುದು ಬೇಡ ಎಂದು ಹೇಳಿ ಕಳಿಸಿದರು.

ಹಾಡುವವರಿಗೆ ಇರುವುದು ಹೆಸರೊಂದೇ. ಒಂಟೆ ಸತ್ತರೆ ಇನ್ನೊಂದು ಕೊಳ್ಳಬಹುದು. ಅಜ್ಜಿ ನನ್ನ ಅಂಗಡಿಯ ಬಟ್ಟೆಗಳ ನಡುವೆ ಕೂತು, "ನಾನು ನಿಜವಾಗ್ಲೂ ಅವತ್ತು ಹಾಗೆ ಹಾಡಿದ್ನೇನೇ? ಮೂವತ್ತು ವರ್ಷ ಯಾರೂ ನನ್ನ ಮುಖದ ಮೇಲೆ ಹೇಳಲಿಲ್ವೇನೇ?" ಎಂದಳು. ತನ್ನ ನೆನಪನ್ನೇ ಅವಳು ನಂಬದೆ ಹೋಗಿದ್ದಳು. ಅವಳ ಕೈ ಹಿಡಿದು ಎಳೆದುಕೊಂಡು ಯೆಸ್ಲಿಮನ ಮುಂದೆ ಕೂರಿಸಿದೆ.

"ಇವತ್ತು ಇದು ಬಗೆಹರಿಯೋ ತನಕ ಯಾರೂ ಏಳಂಗಿಲ್ಲ," ಎಂದೆ.

"ನಾನೇನ್ ಮಾಡ್ಲಿ? ಅಂಕಿ ಸರಿಯಾಗಿದೆ," ಎಂದ ಅವನು.

"ಅಂಕಿ ಕಟ್ಕೊಂಡು ಸಾಯಿ. ನೀನು ನೋಡ್ತೀಯ, ಕೇಳಲ್ಲ. ಅಜ್ಜಿ ಕೇಳ್ತಾಳೆ, ಓದಕ್ಕೆ ಬರಲ್ಲ. ನಾನು ಓದ್ತೀನಿ, ಯಾವ ಮೆಟ್ಟಿಲು ಅಂತ ಗೊತ್ತಾಗಲ್ಲ. ಮೂರೂ ಸೇರಿದ್ರೆ ಒಂದು ಪೂರ್ತಿ ಮನುಷ್ಯ ಆಗಬಹುದು, ನೋಡಣ."

ಅಜ್ಜಿಯ ಕಿವಿಗೆ ಫೋನ್ ಹಿಡಿಸಿದೆ. ಪರದೆಯ ಮೇಲೆ ಬಂದ ಅಂಕಿಯನ್ನು ನಾನು ಗಟ್ಟಿಯಾಗಿ ಓದಬೇಕು, ಅಜ್ಜಿ ಮೆಟ್ಟಿಲು ಹೇಳಬೇಕು.

"ಒಂದು," ಎಂದೆ.

"ಕರ್. ಸರಿ ಇದೆ."

ಆ ಹಾಡು ಮುಗಿಯುವವರೆಗೆ ಕಾದೆವು. ಪರದೆ ಬದಲಾಯಿತು.

"ಹತ್ತು."

"ಲೆಬ್ತೇತ್. ನೋಡು, ನೋಡು, ಬಂತು ನೋಡು ಮುಪ್ಪು."

"ಏನಂದೆ?" ಯೆಸ್ಲಿಮ್ ತಟ್ಟನೆ ನನ್ನ ಕಡೆ ತಿರುಗಿದ. "ಒಂದಾದ ಮೇಲೆ ಎಷ್ಟು?"

"ಹತ್ತು. ಕಣ್ಣು ನನ್ನದೇ, ಸರಿಯಾಗಿದೆ."

ಅವನು ಫೋನ್ ಕಿತ್ತುಕೊಂಡು ಒಂದರ ಹಿಂದೊಂದು ಒತ್ತಿದ. ಒಂದು, ಹತ್ತು, ಹನ್ನೊಂದು, ಹನ್ನೆರಡು, ಅದಾದ ಮೇಲೆ ಎರಡು. ಕಂಪ್ಯೂಟರು ಎಣಿಸುತ್ತದೆ, ಈ ಫೋನ್‌ಗಳಿಗೆ ಎಣಿಸಲು ಬರುವುದಿಲ್ಲ. ಮೊದಲ ಅಂಕಿ ಒಂದಾಗಿರುವುದನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಆಮೇಲೆ ಎರಡನ್ನು ಕರೆಯುತ್ತವೆ. ಇಷ್ಟೇ. ಇಷ್ಟಕ್ಕೆ ಒಬ್ಬ ಹೆಂಗಸಿನ ಬಾಳಿಡೀ ಸಂಪಾದಿಸಿದ್ದು ಮಣ್ಣುಪಾಲಾಗಿತ್ತು. ಬೇರೆಯವರ ಹಾಡುಗಳಲ್ಲೂ ಹೀಗೆ ಆಗಿರಬೇಕಲ್ಲ ಎಂದು ಕೇಳಿದೆ. ಬೇರೆಯವರು ತರುವುದು ಬಿಡಿ ಹಾಡು, ಹಿಂದುಮುಂದಾದರೆ ಯಾರಿಗೂ ತಿಳಿಯುವುದಿಲ್ಲ ಎಂದ. ಅವನ ದನಿ ಕುಗ್ಗಿತ್ತು. ತಾನು ಒಂದೇ ಒಂದು ಸಲ ಆ ಫೋನಿಗೆ ಕಿವಿ ಇಟ್ಟಿದ್ದರೆ ಮೊದಲ ದಿನವೇ ಸಿಕ್ಕುತ್ತಿತ್ತು ಎಂದು ಅವನಿಗೆ ಹೊಳೆದಿತ್ತು.

ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಮುಂದೆ ಒಂದೊಂದು ಸೊನ್ನೆ ಇಟ್ಟ, ಸಾಲು ಸರಿಹೋಯಿತು. ಹಾಡು ಸರಿಹೋಯಿತು, ಹೆಸರು?

"ಈ ಸೊನ್ನೆ ಕಥೆ ನಾನು ಹೇಳಿದ್ರೆ ಯಾರು ನಂಬ್ತಾರೆ?" ಎಂದಳು ಅಜ್ಜಿ. "ನಮ್ಮ ಕುಲದವರು ನಾಲಿಗೆಯಿಂದಲೇ ಬದುಕೋರು, ತಪ್ಪಾದ ಮೇಲೆ ಕಥೆ ಕಟ್ತಾಳೆ ಅಂತಾರೆ. ಇವಳು ಬಟ್ಟೆ ಮಾರೋಳು, ಇವಳು ಹೇಳಿದ್ರೂ ಅಷ್ಟೇ."

ನಾವಿಬ್ಬರೂ ಯೆಸ್ಲಿಮನ ಮುಖ ನೋಡಿದೆವು. ಮುಖ್ತಾರ್ ಗುರುಗಳ ಮಗ ಎಂದರೆ ಹಬೀಬುಲ್ಲರ ಮನೆಯಲ್ಲಿ ಅಂಥವನ ಮಾತಿಗೆ ಎರಡನೆಯ ಸಾಕ್ಷಿ ಕೇಳುವುದಿಲ್ಲ. ಆದರೆ ಅಲ್ಲಿ ಹೋಗಿ ನಿಂತು ಇದು ನನ್ನ ಕೈಕೆಲಸ ಎಂದರೆ, ಫೋನ್ ರಿಪೇರಿ ಎಂದದ್ದು ಸುಳ್ಳೆಂಬ ಸುದ್ದಿ ವಾರದೊಳಗೆ ಬೂತಿಲಿಮಿತ್‌ನಲ್ಲಿರುವ ಅಪ್ಪನಿಗೆ ತಲುಪುತ್ತದೆ. ಅವನು ಹತ್ತಿಯ ಉಂಡೆಯನ್ನು ಬೆರಳಲ್ಲಿ ಹೊಸಕುತ್ತ ಕೂತ.

"ಅಜ್ಜಿ, ನಂಗೆ ಒಂದು ದಿನ ಕೊಡಿ," ಎಂದ.

ಮರುದಿನ ಅವನು ಅಂಗಡಿಯನ್ನೇ ತೆರೆಯಲಿಲ್ಲ. ಓಡಿಹೋದ ಎಂದುಕೊಂಡೆ. ನನಗೆ ಬಂದ ಸಿಟ್ಟಿಗೆ ತಗಡಿಗೆ ನಾಲ್ಕು ಬಾರಿಸಿದೆ. ಇಳಿಹಗಲಿನ ನಮಾಜಿನ ವೇಳೆಗೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ನೀಲಿ ನಿಲುವಂಗಿ ತೊಟ್ಟು ಬಂದು, "ನೀನೂ ಬಾ ಖದ್ದೂಜ, ಹಬೀಬುಲ್ಲರ ಮನೆಗೆ ಒಬ್ನೇ ಹೋಗಕ್ಕಾಗಲ್ಲ," ಎಂದ.

ಹಬೀಬುಲ್ಲರ ಅಂಗಳದ ಗುಡಾರದಲ್ಲಿ ಮೂವತ್ತು ಜನ ಇದ್ದರು. ಮೂರು ಸುತ್ತಿನ ಚಹಾದಲ್ಲಿ ಎರಡನೆಯದು ನಡೆಯುತ್ತಿತ್ತು. ಯೆಸ್ಲಿಮ್ ಸಲಾಂ ಹೇಳಿ, ಕೂರದೆ, ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತು ಎಲ್ಲ ಹೇಳಿದ. ತುಂಡು ಮಾಡಿದ್ದು ನಾನು, ಅಂಕಿ ಹಾಕಿದ್ದು ನಾನು, ತಕ್ಬರ್ ಅಜ್ಜಿ ಹಾಡಿದ್ದರಲ್ಲಿ ತಪ್ಪಿಲ್ಲ ಎಂದ.

"ಕತ್ತರಿಸುವಾಗ ಗೊತ್ತಾಗಲಿಲ್ವೇನಪ್ಪಾ?" ಎಂದರು ಹಬೀಬುಲ್ಲ.

"ನಾನು ಕೇಳಿಸಿಕೊಂಡಿಲ್ಲ."

"ಅರ್ಧ ಕೇಳಿರ್ತೀಯ."

"ಏನೂ ಕೇಳಿಲ್ಲ. ಹನ್ನೊಂದು ವರ್ಷದಿಂದ ಯಾವ ಹಾಡೂ ಕೇಳಿಲ್ಲ."

ಗುಡಾರವೇ ನಕ್ಕಿತು. "ಉಪ್ಪು ನೋಡದ ಅಡುಗೆಭಟ್ಟ," ಎಂದ ಒಬ್ಬ. "ಕೋಣನ ಮುಂದೆ ಕಿನ್ನರಿ ಬಾರಿಸೋದು ಗೊತ್ತಿತ್ತು. ಇಲ್ಲಿ ಕೋಣನೇ ಕಿನ್ನರಿ ಅಂಗಡಿ ಇಟ್ಟಿದೆಯಲ್ಲಪ್ಪ," ಎಂದ ಇನ್ನೊಬ್ಬ. ಯೆಸ್ಲಿಮನ ಕಿವಿಗಳು ಕೆಂಪಾದವು.

"ಯಾರ ಮಗನಪ್ಪ ನೀನು?" ಎಂದು ಹಬೀಬುಲ್ಲರು ಕೇಳಿದರು.

ಅವನು ಅಪ್ಪನ ಹೆಸರು ಹೇಳಿದ. ನಗು ನಿಂತಿತು. ಆ ಮೂವತ್ತರಲ್ಲಿ ಹತ್ತು ಜನರಾದರೂ ಮುಖ್ತಾರರ ಹಲಗೆಯ ಮೇಲೆ ಮೊದಲ ಅಕ್ಷರ ಅಲಿಫ್ ತಿದ್ದಿದವರು. ಹಬೀಬುಲ್ಲರು, "ಇದನ್ನ ಹೇಳಿ ನೀನು ಏನು ಕಳ್ಕೋತೀಯ ಅಂತ ನಂಗೆ ಗೊತ್ತು ಮಗು," ಎಂದರು. ಆಮೇಲೆ ತಕ್ಬರಳ ಮನೆಗೆ ಕಾರು ಕಳಿಸಿದರು. ತಾಯಿ ಮಗಳು ಬರುವವರೆಗೆ ಮೂರನೆಯ ಚಹಾ ಯಾರಿಗೂ ಸುರಿಯಲಿಲ್ಲ.

ಅಜ್ಜಿ ಬಂದಳು. ಹಿರಿಯರು ಎದ್ದು ಜಾಗ ಕೊಟ್ಟರು. ಮುನೀನ ಆರ್ದಿನ್ ಮಡಿಲಿಗೆಳೆದುಕೊಂಡು ಕರ್ ಶುರು ಮಾಡಿದಳು. ಆಮೇಲೆ ಅಜ್ಜಿ ಒಡಕು ಗಂಟಲಲ್ಲಿ ಹಾಡತೊಡಗಿದಳು. ಮದುವೆಯ ಹಾಡಲ್ಲ, ಯೆಸ್ಲಿಮನ ಹೊಗಳಿಕೆ. ನಮ್ಮಲ್ಲಿ ಹಾಡುಗಾರರ ಬಾಯಲ್ಲಿ ಹೆಸರು ಬರಲಿ ಎಂದು ಅಮೀರರು ಕುದುರೆ ಕೊಟ್ಟದ್ದುಂಟು. ಇವನು ಕೇಳದೆಯೇ ಬಂತು. ಬಂದರೆ ಏನು, ಈ ಮಹರಾಯ ಎರಡು ಕಿವಿಗೂ ಬೆರಳು ತುರುಕಿಕೊಂಡು, ಕಣ್ಣು ಬಿಗಿಹಿಡಿದು ಚಪ್ಪಲಿಗಳ ನಡುವೆ ನಿಂತಿದ್ದ. ಜನ ನಗುತ್ತಲೂ ಇದ್ದರು, ಕಣ್ಣೊರೆಸಿಕೊಳ್ಳುತ್ತಲೂ ಇದ್ದರು. ಎಲ್ಲರೂ ಫೋನ್ ಎತ್ತಿಹಿಡಿದು ಅದನ್ನು ತುಂಬಿಕೊಳ್ಳುತ್ತಿದ್ದರು.

ಗುರುವಾರ ಮುನೀನಳೇ ಮದುವೆಗೆ ನುಡಿಸಿದಳು. ಶನಿವಾರ ಹಾಲಿನವಳು ಯೆಸ್ಲಿಮನ ಅಂಗಡಿಗೆ ಬಂದು, ನನ್ನ ಫೋನಿನಲ್ಲಿ ಇದು ತೆರೆಯುತ್ತಿಲ್ಲ, ಎಂಪಿತ್ರೀ ಮಾಡಿಕೊಡು ಎಂದಳು. ಅದು ಅವನದೇ ಹೊಗಳಿಕೆ. ಅವನು ದನಿ ಇಳಿಸಿ, ಗೆರೆ ತೆರೆದು, ತಗಡಿನ ಆಚೆಯಿಂದ ನನ್ನನ್ನು ಕರೆದ.

"ಇದರಲ್ಲಿ ನನ್ನ ಹೆಸರು ಎಲ್ಲಿದೆ?"

ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲಿ ನಿನ್ನದು. ಇಲ್ಲಿ, ಇಲ್ಲಿ, ಇಲ್ಲಿ ನಿನ್ನಪ್ಪಂದು."

"ಏನಂದಳು?"

ಹಾಡದೆ, ತರಕಾರಿ ಪಟ್ಟಿ ಓದುವ ಹಾಗೆ ಹೇಳಿದೆ. "ಮುಖ್ತಾರರ ಹಲಗೆಯ ಅಕ್ಷರ ತೊಳೆದರೆ ಹೋದೀತು, ಮುಖ್ತಾರರ ಮಗನ ಮಾತು ತೊಳೆದರೆ ಹೋಗದು ಅಂದಳು." ಹೇಳಿ ಮುಗಿಸಿದ ಕೂಡಲೇ ಅವನನ್ನು ಬೈದೆ. ಅವನು ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಇದು ಊರಿಗೆ ಮುಟ್ಟುವ ಮೊದಲು ಅಪ್ಪನಿಗೆ ನಾನೇ ಹೇಳಬೇಕು ಎಂದು ಅಂಗಡಿ ಮುಚ್ಚಿ, ಬೂತಿಲಿಮಿತ್ ಕಡೆಯ ವ್ಯಾನು ಹತ್ತಿದ.

ಎರಡು ದಿನ ಬಿಟ್ಟು ಬಂದ. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ, ದಾರಿ ತಪ್ಪಿದವನ ಮುಖ. ನಾನು ಚಹಾ ಕೊಟ್ಟೆ.

"ಬೈದ್ರಾ?"

"ಇಲ್ಲ."

"ಹೊಡೆದ್ರಾ?"

"ನಂಗಿಂತ ಮೊದಲೇ ಅದು ಹೋಗಿ ಮುಟ್ಟಿತ್ತು. ಶಿಷ್ಯರ ಫೋನಿಗೆಲ್ಲ ಬಂದಿದೆ. ಅಪ್ಪ ನನ್ನ ನೋಡಿ, ಕೂತ್ಕೋ ಅಂದ್ರು. ಹಾಲು ಕೊಡಿಸಿದ್ರು. ಆಮೇಲೆ, ಆ ಹೆಂಗಸು ಚೆನ್ನಾಗಿ ಹಾಡಿದ್ದಾಳೆ, ಗಂಟಲು ಹೋಗಿದ್ರೂ ಅಂದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ ನಿಮ್ಮಪ್ಪ ಕೇಳಿದ್ದಾರೆ."

"ಪೂರ್ತಿ. ಎರಡು ಸಲ ಅಂತೆ." ಅವನು ಲೋಟ ಕೆಳಗಿಟ್ಟ. "ಊರವರೆಲ್ಲ ಕೇಳಿದ್ದಾರೆ, ಅಪ್ಪನೂ ಕೇಳಿದ್ದಾರೆ. ನಾನೊಬ್ಬನೇ ಕೇಳಿಲ್ಲ ಖದ್ದೂಜ. ಕೊಟ್ಟ ಮಾತು ಈಗ ಇದೆಯೋ ಇಲ್ವೋ?"

"ಅವರನ್ನೇ ವಿಚಾರಿಸಬಾರದಾಗಿತ್ತಾ?"

"ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ."

ಹೀಗೆ ಹೇಳಿ ತನ್ನ ಗೂಡಿಗೆ ಹೋದ. ತಗಡಿನ ಸಂದಿಯಿಂದ ನೋಡಿದೆ. ಹತ್ತಿ ಕಿವಿಯಲ್ಲಿರಲಿಲ್ಲ. ಹೆಡ್‌ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ಕಿವಿಗೂ ಹಾಕಿಕೊಳ್ಳದೆ, ಮೊಳೆಗೂ ತಗುಲಿಹಾಕದೆ. ಗಿರಾಕಿಗಳು ಬಂದು ಕರೆದರೆ, ಒಂದು ನಿಮಿಷ, ಒಂದು ನಿಮಿಷ ಎನ್ನುತ್ತಿದ್ದ.